ಫಾರ್ಮ್ಯಾಟ್ ಮಾಡಿಸುವ ಮೊದಲು: ಮನೆಯ ಕಂಪ್ಯೂಟರಿನ ಕಸ ಮತ್ತು ಹುಳ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷದ ಹಬ್ಬದಲ್ಲಿ ಶಾಲೆಯ ನೆನಪು ಹೇಳುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಹಿರಿಯರು ಬೆಳಗಿನಿಂದ ಚೆನ್ನಾಗಿ ಮಾಡಿದ್ದಾರೆ. ಸಂಘಟಕರು ನನಗೆ ಹೇಳಿದ್ದು ಒಂದೇ ಮಾತು: "ಮಂದಿಗೆ ಉಪಯೋಗ ಆಗೋ ಅಂಥದ್ದು ಏನರ ಹೇಳಪಾ." ನಾನು ಸಾಫ್ಟ್‌ವೇರ್ ಕೆಲಸದವನು. ಊರಿಗೆ ಬಂದಾಗಲೆಲ್ಲ ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಒಂದೇ. "ಕಂಪ್ಯೂಟರ್ ತೆಗೆದ್ರ ಸಾಕು, ಬ್ಯಾಡಾದ ಜಾಹೀರಾತು ಬರ್ಲಾಕತ್ತಾವು, ಏನು ಮಾಡಬೇಕು?" ಇವತ್ತು ಅದನ್ನೇ ಮಾತಾಡುತ್ತೇನೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಮನೆಯ ಒಂದು ಕಂಪ್ಯೂಟರಿನಲ್ಲಿ ಈಗ ಏನೇನು ನಡೆಯುತ್ತದೆ ಎಂದು ನೋಡಿರಿ. ಭೂಮಿಯ ಪಹಣಿ ಅದರಲ್ಲೇ ತೆಗೆಯುತ್ತೇವೆ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಆಪ್ಷನ್ ಎಂಟ್ರಿ, ಸೇವಾಸಿಂಧು ಎಲ್ಲ ಅದರಲ್ಲೇ. ರಾಯಚೂರಿನ ಮಾರುಕಟ್ಟೆಗೆ ಹತ್ತಿ ಹಾಕಿದ ದುಡ್ಡು ಖಾತೆಗೆ ಬಂತೋ ಇಲ್ಲವೋ ನೋಡುವುದೂ ಅದರಲ್ಲೇ. ಇಂಥ ಯಂತ್ರದಲ್ಲಿ ಗುರುತಿಲ್ಲದವನೊಬ್ಬ ಕುಳಿತಿದ್ದಾನೆ ಎಂದರೆ ಅದು ಬರೀ ಜಾಹೀರಾತಿನ ಕಿರಿಕಿರಿ ಅಲ್ಲ.

ಮಾನ್ವಿಯಲ್ಲಿರುವ ನನ್ನ ಸಹಪಾಠಿಯೊಬ್ಬನ ಮನೆಯಲ್ಲಿ ನಡೆದದ್ದನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತೇನೆ. ಕ್ರೋಮ್ ತೆರೆದರೆ ಬೇರೆಯೇ ಹುಡುಕುವ ಪುಟ ಬರುತ್ತಿತ್ತು, ಮೂಲೆಯಲ್ಲಿ ನಿಮಿಷಕ್ಕೊಂದು ಜಾಹೀರಾತು. ರಿಪೇರಿ ಅಂಗಡಿಗೆ ಒಯ್ದ. "ಫಾರ್ಮ್ಯಾಟ್ ಹೊಡೀಬೇಕು" ಅಂದರು, ಹೊಡೆದರು. ಮನೆಗೆ ತಂದ ಮೇಲೆ ಗೊತ್ತಾಯಿತು, ತೀರಿಹೋದ ಅವನ ತಂದೆಯವರ ಫೋಟೋಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು, ಇನ್ನೆಲ್ಲೂ ಇರಲಿಲ್ಲ. ತಂಗಿಯ ಮದುವೆಯಲ್ಲಿ ಅವರು ಅಕ್ಷತೆ ಹಾಕುತ್ತಿರುವ ಫೋಟೋ ಕೂಡ ಹೋಯಿತು. ಇಷ್ಟಾದರೂ ಜಾಹೀರಾತು ಹೋಗಿದ್ದು ಒಂದೇ ದಿನ. ಕ್ರೋಮಿಗೆ ತನ್ನ ಗೂಗಲ್ ಖಾತೆ ಹಾಕಿ ಸಿಂಕ್ ಮಾಡಿದ ಕೂಡಲೇ ಆ ಕೆಟ್ಟ ಎಕ್ಸ್‌ಟೆನ್ಷನ್ ಖಾತೆಯ ಜೊತೆ ತಾನಾಗಿ ವಾಪಸು ಬಂತು. ತಂದೆಯ ಫೋಟೋ ಹೋಯಿತು, ಕಸ ಉಳಿಯಿತು. ಕಳೆ ತೆಗೆಯುತ್ತೇವೆ ಎಂದು ಬೆಳೆ ಕಿತ್ತ ಹಾಗಾಯಿತು.

ಅದಕ್ಕೇ ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಫಾರ್ಮ್ಯಾಟ್ ಎನ್ನುವುದು ಕೊನೆಯ ಮದ್ದು, ಮೊದಲನೆಯದಲ್ಲ. ಅದಕ್ಕಿಂತ ಮುಂಚೆ ಮನೆಯಲ್ಲೇ, ದುಡ್ಡಿಲ್ಲದೆ, ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ.

ಕಸ ಯಾವುದು, ಹುಳ ಯಾವುದು

ಎರಡು ಹೆಸರು ಕೇಳಿರುತ್ತೀರಿ: ಆಡ್‌ವೇರ್ ಮತ್ತು ಸ್ಪೈವೇರ್. ಆಡ್‌ವೇರ್ ಗದ್ದೆಯ ಕಳೆ ಇದ್ದ ಹಾಗೆ. ಕಣ್ಣಿಗೆ ಕಾಣುತ್ತದೆ, ಜಾಗ ತಿನ್ನುತ್ತದೆ, ಕಂಪ್ಯೂಟರನ್ನು ನಿಧಾನ ಮಾಡುತ್ತದೆ. ಜಾಹೀರಾತು ತೋರಿಸಿದಷ್ಟೂ ಅದನ್ನು ಮಾಡಿದವನಿಗೆ ಕಾಸು. ಸ್ಪೈವೇರ್ ಹತ್ತಿಯ ಗುಲಾಬಿ ಕಾಯಿಕೊರಕ ಇದ್ದ ಹಾಗೆ. ಕಾಯಿ ಹೊರಗಿನಿಂದ ಹಸಿರಾಗೇ ಇರುತ್ತದೆ, ಹುಳ ಒಳಗೆ ತಿನ್ನುತ್ತಿರುತ್ತದೆ. ನೀವು ಒತ್ತಿದ ಕೀಲಿಗಳನ್ನು ಬರೆದುಕೊಳ್ಳುವುದು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವುದು, ಪರದೆಯ ಚಿತ್ರ ತೆಗೆದು ಕಳಿಸುವುದು ಅದರ ಕೆಲಸ. ಜಾಹೀರಾತು ಬಂದರೆ ಕಸ ಇದೆ ಎಂದು ಗೊತ್ತಾಗುತ್ತದೆ. ಏನೂ ಬರದಿದ್ದರೆ ಹುಳ ಇಲ್ಲ ಎಂದು ಹೇಳಲಿಕ್ಕೆ ಬರುವುದಿಲ್ಲ. ಎರಡೂ ಒಂದೇ ಬಾಗಿಲಿನಿಂದ ಬರುವುದೂ ಉಂಟು.

ಯಾವ ಬಾಗಿಲಿನಿಂದ ಬರುತ್ತವೆ

ಮೊದಲನೆಯದು, ಪುಕ್ಕಟೆ ಸಾಫ್ಟ್‌ವೇರಿನ ಜೊತೆ ಅಂಟಿಕೊಂಡು. ಕನ್ನಡ ಟೈಪಿಂಗಿಗೆ ನುಡಿಯೋ ಬರಹವೋ ಬೇಕು, ವಿಡಿಯೋ ನೋಡಲು ಪ್ಲೇಯರ್ ಬೇಕು ಎಂದು ಹುಡುಕುತ್ತೇವೆ. ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಕಾಣುತ್ತದೆ. ಅದು ಅನೇಕ ಸಲ ಜಾಹೀರಾತಿನ ಗುಂಡಿ, ನಿಜವಾದದ್ದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. 2017ರಲ್ಲಿ ಫೈರ್‌ಬಾಲ್ ಎಂಬ ಆಡ್‌ವೇರ್ ಹೀಗೇ ಪುಕ್ಕಟೆ ಸಾಫ್ಟ್‌ವೇರುಗಳ ಬೆನ್ನು ಹತ್ತಿ ಜಗತ್ತಿಗೆಲ್ಲ ಹಬ್ಬಿತು. ಅದು ಬ್ರೌಸರಿನ ಮೊದಲ ಪುಟವನ್ನೂ ಹುಡುಕುವ ಸೈಟನ್ನೂ ತನ್ನದಕ್ಕೆ ಬದಲಿಸುತ್ತಿತ್ತು. ಅದನ್ನು ಪತ್ತೆಹಚ್ಚಿದ ಚೆಕ್ ಪಾಯಿಂಟ್ ಕಂಪನಿ ಸುಮಾರು 25 ಕೋಟಿ ಕಂಪ್ಯೂಟರುಗಳಿಗೆ ತಗುಲಿದೆ, ಎಲ್ಲಕ್ಕಿಂತ ಹೆಚ್ಚು ಭಾರತದಲ್ಲಿ, 2.5 ಕೋಟಿಗೂ ಮೇಲೆ ಎಂದಿತು. ಮೈಕ್ರೋಸಾಫ್ಟ್ ಆ ಲೆಕ್ಕ ಹೆಚ್ಚಾಯಿತು ಎಂದಿತು. ಲೆಕ್ಕ ಎಷ್ಟೇ ಇರಲಿ, ಬಂದ ದಾರಿ ಮಾತ್ರ ಇದೇ.

ಎರಡನೆಯದು, ಬ್ರೌಸರಿನ ಎಕ್ಸ್‌ಟೆನ್ಷನ್. ಮೊದಲು ಒಳ್ಳೆಯದಿದ್ದದ್ದೂ ಆಮೇಲೆ ಕೆಡಬಹುದು. ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನನ್ನು ಲಕ್ಷಗಟ್ಟಲೆ ಜನ ಬಳಸುತ್ತಿದ್ದರು. ಅದು ಬೇರೆಯವರ ಕೈಗೆ ಮಾರಾಟವಾಯಿತು. 2021ರ ಫೆಬ್ರವರಿಯಲ್ಲಿ ಅದರೊಳಗೆ ಕೆಟ್ಟ ಕೋಡ್ ಇದೆ ಎಂದು ಗೂಗಲ್ ಅದನ್ನು ತೆಗೆದುಹಾಕಿತು.

ಮೂರನೆಯದು, 'ಅಲೋ' ಗುಂಡಿ. ಯಾವುದೋ ಸೈಟಿನಲ್ಲಿ "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿರಿ" ಎಂದು ಬರುತ್ತದೆ. ಒತ್ತಿದರೆ ಆ ಸೈಟಿಗೆ ನಿಮ್ಮ ಪರದೆಯ ಮೂಲೆಯಲ್ಲಿ ಸದಾ ನೋಟಿಫಿಕೇಶನ್ ತೋರಿಸುವ ಪರವಾನಗಿ ಕೊಟ್ಟಂತೆ. "ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ" ಎಂದು ಹೆದರಿಸುವುದು ಬಹಳ ಸಲ ಇದೇ. ಅಲ್ಲಿ ವೈರಸ್ಸೇ ಇರುವುದಿಲ್ಲ, ಬರೀ ಪರವಾನಗಿ ಇರುತ್ತದೆ.

ನಾಲ್ಕನೆಯದು, ಕ್ರ್ಯಾಕ್. ವಿಂಡೋಸ್, ಆಫೀಸ್, ಫೋಟೋಶಾಪ್, ಟ್ಯಾಲಿಗಳ ಕದ್ದ ಪ್ರತಿ. ಅದನ್ನು ಹಾಕುವಾಗ "ಮೊದಲು ಆ್ಯಂಟಿವೈರಸ್ ಆಫ್ ಮಾಡಿರಿ" ಎಂದು ಹೇಳುತ್ತಾರೆ. ಬಾಗಿಲ ಕಾಯುವವನನ್ನು ಹೊರಗೆ ಕಳಿಸಿ ಒಳಗೆ ಬರುವವನು ಯಾರು ಎಂದು ನೀವೇ ಯೋಚಿಸಿರಿ.

ಐದನೆಯದು ನಮ್ಮ ಕಡೆಗೆ ಬಹಳ ಹತ್ತಿರದ್ದು, ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿ ಮನೆಗೆ ಬಂದು ಹಾಕಿದರೆ ಫೋಲ್ಡರುಗಳೆಲ್ಲ ಮಾಯ, ಬರೀ ಶಾರ್ಟ್‌ಕಟ್. ದಯವಿಟ್ಟು ಆ ಶಾರ್ಟ್‌ಕಟ್ ಮೇಲೆ ಎರಡು ಸಲ ಒತ್ತಬೇಡಿ, ಒತ್ತಿದರೆ ಹುಳ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಕೂಡ ಮಾಡಬೇಡಿ. ಸಾಮಾನ್ಯವಾಗಿ ನಿಮ್ಮ ಫೈಲುಗಳು ಅಳಿದಿರುವುದಿಲ್ಲ, ಅಡಗಿಸಿರುತ್ತಾರೆ. ಮೊದಲು ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ, ಆಮೇಲೆ ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಆರಿಸಿರಿ. ಬಹಳ ಸಲ ಫೈಲುಗಳು ಮಸುಕಾಗಿ ಕಾಣಿಸಿಕೊಳ್ಳುತ್ತವೆ.

ತೆಗೆಯುವ ಕ್ರಮ

ಈಗ ಕೆಲಸಕ್ಕೆ ಬರೋಣ. ಕ್ರಮ ತಪ್ಪಿಸದೆ ಮಾಡಬೇಕು. ವಿದ್ಯಾರ್ಥಿಗಳು ಬರೆದುಕೊಳ್ಳಿರಿ.

1. ಅನುಮಾನ ಬಂದ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ನಿಲ್ಲಿಸಿರಿ. ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ. ಇಂಟರ್ನೆಟ್ ಬಿಡಿಸಿರಿ.

2. ಫೋಟೋ, ಕಾಗದಪತ್ರ, ಲೆಕ್ಕದ ಫೈಲುಗಳನ್ನು ಒಂದು ಖಾಲಿ ಹಾರ್ಡ್‌ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿರಿ. ಫೋಟೋ, ವಿಡಿಯೋ, ದಾಖಲೆ ಮಾತ್ರ. ಇನ್‌ಸ್ಟಾಲ್ ಮಾಡುವ ಫೈಲುಗಳು, ಕ್ರ್ಯಾಕುಗಳು ಬೇಡ. ನಕಲು ಮುಗಿದ ಮೇಲೆ ನಾಲ್ಕಾರು ಫೋಟೋ ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿರಿ, ಆಮೇಲೆ ಅದನ್ನು ಬಿಡಿಸಿ ಎತ್ತಿಡಿರಿ. ಇನ್ನೊಂದು ಕಂಪ್ಯೂಟರಿಗೆ ಹಾಕುವ ಮೊದಲು ಸ್ಕ್ಯಾನ್ ಮಾಡಿರಿ. ಈ ಹೆಜ್ಜೆ ಮುಗಿಯುವ ತನಕ ಮುಂದಿನದಕ್ಕೆ ಹೋಗಬಾರದು.

3. ಕ್ರೋಮಿನ ಸೆಟ್ಟಿಂಗ್ಸ್, ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆಯಿರಿ. ಮೂಲೆಯ ಜಾಹೀರಾತು ಅನೇಕ ಮನೆಗಳಲ್ಲಿ ಇಲ್ಲಿಗೇ ನಿಲ್ಲುತ್ತದೆ.

4. ಎಕ್ಸ್‌ಟೆನ್ಷನ್ ಪಟ್ಟಿ ತೆರೆಯಿರಿ. ನೀವು ಹಾಕಿದ್ದು ಎಂದು ನೆನಪಿಲ್ಲದ್ದನ್ನು 'ರಿಮೂವ್' ಮಾಡಿರಿ. ಒಂದೇ ಗೂಗಲ್ ಖಾತೆ ಎರಡು ಕಂಪ್ಯೂಟರಿನಲ್ಲಿದ್ದರೆ ಎರಡರಲ್ಲೂ ಮಾಡಿರಿ, ಇಲ್ಲವಾದರೆ ಸಿಂಕ್ ಮೂಲಕ ಮರಳಿ ಬರಬಹುದು. ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನ ಕೆಳಗೆ "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎಂಬ ಅರ್ಥದ ಸಾಲು ಕಂಡರೆ ಎಚ್ಚರ. ಆಫೀಸಿನ ಕಂಪ್ಯೂಟರಿಗೆ ಅದು ಸಹಜ. ಮನೆಯದಕ್ಕೆ ಸಂಸ್ಥೆ ಎಲ್ಲಿಂದ ಬಂತು? ಕೆಲವು ಆ್ಯಂಟಿವೈರಸ್‌ಗಳಿಂದಲೂ ಆ ಸಾಲು ಬರಬಹುದು, ಆದರೆ ಆಡ್‌ವೇರ್ ತನ್ನ ಎಕ್ಸ್‌ಟೆನ್ಷನ್ ತೆಗೆಯಲು ಬಾರದಂತೆ ಬೀಗ ಹಾಕಿಕೊಳ್ಳುವುದೂ ಹೀಗೆಯೇ.

5. ವಿಂಡೋಸ್ ಸೆಟ್ಟಿಂಗ್ಸಿನ 'ಆಪ್ಸ್'ಗೆ ಹೋಗಿ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿರಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದದ್ದು ಏನು ಎಂದು ನೋಡಿರಿ. ಟೂಲ್‌ಬಾರ್, ಸ್ಪೀಡ್ ಬೂಸ್ಟರ್, ಡ್ರೈವರ್ ಅಪ್‌ಡೇಟರ್, ಪಿಸಿ ಕ್ಲೀನರ್ ಎಂಬ ಹೆಸರಿನವು ಸಾಮಾನ್ಯ ಅಪರಾಧಿಗಳು. ಆದರೆ ಹೆಸರು ಅರ್ಥವಾಗದ್ದನ್ನೆಲ್ಲ ತೆಗೆಯಬೇಡಿ. ಇಂಟೆಲ್, ರಿಯಲ್‌ಟೆಕ್, ವಿಷುವಲ್ ಸಿ ಪ್ಲಸ್ ಪ್ಲಸ್ ಎಂದಿರುವವು ಯಂತ್ರಕ್ಕೆ ಬೇಕಾದವು. ಅನುಮಾನ ಇದ್ದರೆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡಿ ಆಮೇಲೆ ಕೈ ಹಾಕಿರಿ.

6. ಈಗ ಇಂಟರ್ನೆಟ್ ಜೋಡಿಸಿ 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಪುಕ್ಕಟೆಯಾಗಿ ಬಂದಿರುತ್ತದೆ. ಹೊಸ ಕಂಪ್ಯೂಟರಿನ ಜೊತೆ ಬಂದ, ಅವಧಿ ಮುಗಿದ ಆ್ಯಂಟಿವೈರಸ್ ಇನ್ನೂ ಕುಳಿತಿದ್ದರೆ ಡಿಫೆಂಡರ್ ಎಚ್ಚರವಾಗದೇ ಇರಬಹುದು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿರಿ. ಮೊದಲು ಡಿಫೆಂಡರನ್ನು ಅಪ್‌ಡೇಟ್ ಮಾಡಿ 'ಫುಲ್ ಸ್ಕ್ಯಾನ್' ಹಚ್ಚಿರಿ, ಇದಕ್ಕೆ ತಾಸುಗಟ್ಟಲೆ ಹಿಡಿಯಬಹುದು. ಆಮೇಲೆ 'ಆಫ್‌ಲೈನ್ ಸ್ಕ್ಯಾನ್'. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಹುಳ ಎಚ್ಚರವಾಗಿ ಅಡಗುವ ಮುಂಚೆ ಹಿಡಿಯುವ ಉಪಾಯ ಇದು. ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ಮಾಡಿರಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಿ.

7. ಎರಡನೇ ಅಭಿಪ್ರಾಯ ಬೇಕೆಂದರೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯೂಕ್ಲೀನರ್ ಇದೆ, ಪುಕ್ಕಟೆ. ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಪುಕ್ಕಟೆ ಸಾಧನಗಳಿವೆ. ಯಾವುದನ್ನೇ ಆದರೂ ಅದನ್ನು ಮಾಡಿದವರ ಸೈಟಿನಿಂದಲೇ ಇಳಿಸಿಕೊಳ್ಳಿರಿ. ಸದಾ ಕಾಯುವ ಆ್ಯಂಟಿವೈರಸ್ ಎರಡು ಒಟ್ಟಿಗೆ ಬೇಡ. ಒಂದು ಹಿತ್ತಲಿಗೆ ಎರಡು ನಾಯಿ ಕಟ್ಟಿದರೆ ಅವು ಕಳ್ಳನನ್ನು ಬಿಟ್ಟು ಒಂದನ್ನೊಂದು ಬೊಗಳುತ್ತವೆ.

8. ಕೊನೆಗೆ ಕ್ರೋಮಿನಲ್ಲಿ 'ರೀಸೆಟ್ ಸೆಟ್ಟಿಂಗ್ಸ್' ಒತ್ತಿರಿ. ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಮೊದಲ ಪುಟ, ಹುಡುಕುವ ಸೈಟು ಸರಿಯಾಗುತ್ತವೆ. ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ನೀವು ಹಾಕದ 'ಪ್ರಾಕ್ಸಿ' ಇದ್ದರೆ ಆಫ್ ಮಾಡಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ 'ಸ್ಟಾರ್ಟ್‌ಅಪ್'ನಲ್ಲಿ ಗುರುತಿಲ್ಲದ್ದು ಇದ್ದರೆ ಅದನ್ನು ಡಿಸೇಬಲ್ ಮಾಡಿರಿ. ಡಿಲೀಟ್ ಮಾಡುವ ಅವಸರ ಬೇಡ, ಡಿಸೇಬಲ್ ಮಾಡಿದ್ದನ್ನು ಮತ್ತೆ ಚಾಲೂ ಮಾಡಬಹುದು.

9. ಎಲ್ಲ ಸ್ವಚ್ಛವಾದ ಮೇಲೆ ಪಾಸ್‌ವರ್ಡುಗಳನ್ನು ಬದಲಿಸಿರಿ. ಹುಳದ ಅನುಮಾನ ಇದ್ದಲ್ಲಿ ಸ್ವಚ್ಛವಾಗುವ ತನಕ ಕಾಯದೆ ಬೇರೆ ಮೊಬೈಲಿನಿಂದ ಕೂಡಲೇ ಬದಲಿಸಿರಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಯಾಕೆಂದರೆ ಉಳಿದ ಎಷ್ಟೋ ಖಾತೆಗಳ ಪಾಸ್‌ವರ್ಡನ್ನು ಇಮೇಲಿನ ಮೂಲಕವೇ ಬದಲಿಸಬಹುದು. ಎಲ್ಲ ಕಡೆಯಿಂದ ಸೈನ್‌ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿರಿ.

ಮಾಡಬಾರದ್ದು

ಪರದೆಯ ಮೇಲೆ ಕೆಂಪಕ್ಷರದಲ್ಲಿ ಫೋನ್ ನಂಬರ್ ಬಂದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಕರೆ ಮಾಡಿದರೆ ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ ಎನಿಡೆಸ್ಕಿನಂಥದ್ದನ್ನು ಹಾಕಿಸುತ್ತಾನೆ. ಅದು ದೂರದಿಂದ ಕಂಪ್ಯೂಟರ್ ನಡೆಸುವ ನ್ಯಾಯವಾದ ಸಾಧನವೇ. ಆದರೆ ಗುರುತಿಲ್ಲದವನ ಕೈಗೆ ಕೊಟ್ಟರೆ ಮನೆಯ ಕೀಲಿಕೈ ಕೊಟ್ಟಂತೆ. ಪರದೆ ತುಂಬ ಎಚ್ಚರಿಕೆ ಬಂದು ಮುಚ್ಚಲು ಆಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿರಿ, ಅದೂ ಆಗದಿದ್ದರೆ ಪವರ್ ಗುಂಡಿ ಒತ್ತಿ ಹಿಡಿಯಿರಿ.

ಫಾರ್ಮ್ಯಾಟ್ ಯಾವಾಗ

ಫಾರ್ಮ್ಯಾಟ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೀಲಿ ಬರೆದುಕೊಳ್ಳುವ, ಪಾಸ್‌ವರ್ಡ್ ಕದಿಯುವ ಹುಳ ಸಿಕ್ಕಿತು, ಅಥವಾ ಇಷ್ಟೆಲ್ಲ ಮಾಡಿದರೂ ಮತ್ತೆ ಮತ್ತೆ ಬರುತ್ತಿದೆ ಎಂದಾದರೆ ವಿಂಡೋಸನ್ನು ಹೊಸದಾಗಿ ಹಾಕುವುದೇ ಸರಿ. ಅಂಗಡಿಯವರಿಗೆ ಎರಡು ಮಾತು ಹೇಳಿರಿ. ಮೊದಲನೆಯದು, "ನನ್ನ ಡೇಟಾ ನಕಲು ಆಗಿದೆ, ತೋರಿಸುತ್ತೇನೆ, ಆಮೇಲೆ ಶುರುಮಾಡಿರಿ." ಎರಡನೆಯದು, "ಕ್ರ್ಯಾಕ್ ವಿಂಡೋಸ್ ಹಾಕಬೇಡಿ, ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿದ್ದನ್ನು ಹಾಕಿರಿ." ಇಲ್ಲದಿದ್ದರೆ ಹುಳ ತೆಗೆಸಲು ಹೋಗಿ ಹೊಸ ಹುಳ ತಂದಂತಾಗುತ್ತದೆ. ಅಂಗಡಿಯವರಲ್ಲಿ ನಿಪುಣರೂ ಪ್ರಾಮಾಣಿಕರೂ ಬಹಳ ಜನ ಇದ್ದಾರೆ. ನಾವು ಕೇಳಿದರೆ ಅವರೂ ನಿಧಾನವಾಗಿ ಮಾಡುತ್ತಾರೆ.

ಇನ್ನೊಂದು ಮಾತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸುರಕ್ಷತೆಯ ಅಪ್‌ಡೇಟ್ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಹೆಚ್ಚು. ಕೊಳ್ಳುವಾಗ ರ‍್ಯಾಮ್ ಎಷ್ಟು ಎಂದು ಕೇಳುವ ಹಾಗೆ, ಇದಕ್ಕೆ ಇನ್ನೂ ಅಪ್‌ಡೇಟ್ ಬರುತ್ತದೆಯೇ ಎಂದೂ ಕೇಳಿರಿ. ವಿಂಡೋಸ್ 11 ಹಿಡಿಯದ ಹಳೆಯ ಯಂತ್ರಕ್ಕೆ ಲಿನಕ್ಸ್ ಪುಕ್ಕಟೆಯಾಗಿ ಸಿಗುತ್ತದೆ. ಓದು, ಬರಹ, ಇಂಟರ್ನೆಟ್ಟಿಗೆ ಅದು ಸಾಕು.

ದುಡ್ಡು ಹೋದರೆ

ಖಾತೆಯಿಂದ ದುಡ್ಡು ಹೋಗಿದ್ದು ಕಂಡರೆ ಕಂಪ್ಯೂಟರ್ ರಿಪೇರಿ ಆಮೇಲೆ. ಮೊದಲು 1930ಕ್ಕೆ ಕರೆ ಮಾಡಿರಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಜೊತೆಗೆ ನಿಮ್ಮ ಬ್ಯಾಂಕಿಗೆ ತಿಳಿಸಿರಿ. ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ, ಬೇಗ ಹೇಳಿದಷ್ಟೂ ತಡೆಯುವ ಅವಕಾಶ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವನ ಕೈವಾಡ ಎಂದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ಹೊಣೆ ಬರುವುದಿಲ್ಲ. ಓಟಿಪಿಯನ್ನು ನಾವೇ ಕೊಟ್ಟಿದ್ದರೆ, ತಿಳಿಸುವ ತನಕ ಆದ ನಷ್ಟ ನಮ್ಮದು. ಹಾಗಿದ್ದಾಗ ತಡಮಾಡಿದಷ್ಟೂ ನಷ್ಟ ಬೆಳೆಯುತ್ತದೆ. "ಮಂದಿ ಏನಂತಾರ" ಎಂದು ಮುಚ್ಚಿಡುವ ಒಂದು ದಿನ ಕಳ್ಳನಿಗೆ ಕೊಟ್ಟ ಒಂದು ದಿನ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದು ಮಾತು. ಸ್ಪೈವೇರನ್ನು ಯಾವಾಗಲೂ ದೂರದ ಕಳ್ಳನೇ ಹಾಕುವುದಿಲ್ಲ. ಗುರುತಿನವರೂ ಹಾಕುತ್ತಾರೆ. ನೀವು ಯಾರಿಗೆ ಏನು ಬರೆದಿರಿ ಎಂಬುದು ನೀವು ಹೇಳದೆಯೇ ಒಬ್ಬರಿಗೆ ಗೊತ್ತಾಗುತ್ತಿದ್ದರೆ, ಅವರ ಬಗ್ಗೆ ಹೆದರಿಕೆ ಇದ್ದರೆ, ಅವಸರದಲ್ಲಿ ಅದನ್ನು ಅಳಿಸಬೇಡಿ. ಅಳಿಸಿದ್ದು ಅವರಿಗೆ ಗೊತ್ತಾಗಬಹುದು, ಸಾಕ್ಷಿಯೂ ಹೋಗುತ್ತದೆ. ಬೇರೆ ಫೋನಿನಿಂದ ನಂಬಿಕೆಯ ಟೀಚರಿಗೆ ಹೇಳಿರಿ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ದೇವದುರ್ಗದಿಂದ, ಮಾನ್ವಿಯಿಂದ, ರಾಯಚೂರಿನಿಂದ ಹೊರಗೆ ಹೋಗಿ ಕಂಪ್ಯೂಟರಿನ ಕೆಲಸ ಮಾಡುವವರು ನಮ್ಮಲ್ಲಿ ಹತ್ತಾರು ಜನ ಇದ್ದೇವೆ. ಉಗಾದಿಗೆ, ದಸರೆಗೆ ಹೇಗೂ ಬರುತ್ತೇವೆ. ಬಂದಾಗ ಒಂದು ಬೆಳಿಗ್ಗೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತು ಒಂಬತ್ತನೇ ತರಗತಿಯ ಹತ್ತು ಮಕ್ಕಳಿಗೆ ಈ ಒಂಬತ್ತು ಹೆಜ್ಜೆ ಕೈಯಿಂದ ಮಾಡಿಸೋಣ. ಒಂದು ಮಗು ಕಲಿತರೆ ತನ್ನ ಮನೆ, ಕಾಕಾನ ಮನೆ, ಪಕ್ಕದ ಮನೆ ನೋಡಿಕೊಳ್ಳುತ್ತದೆ. ಮುಖ್ಯಗುರುಗಳು ಒಪ್ಪಿದರೆ ಮೊದಲ ಪಾಳಿ ನನ್ನದು.

ಇವತ್ತು ಮನೆಗೆ ಹೋದ ಮೇಲೆ ಉಳಿದದ್ದೆಲ್ಲ ಮರೆತರೂ ಅಡ್ಡಿಯಿಲ್ಲ, ಎರಡನೇ ಹೆಜ್ಜೆಯನ್ನು ಮಾತ್ರ ಮಾಡಿರಿ. ಮನೆಯ ಹಿರಿಯರ ಫೋಟೋಗಳು ಒಂದೇ ಕಡೆ ಇದ್ದರೆ ಇನ್ನೊಂದು ಕಡೆ ನಕಲು ಮಾಡಿ ಇಡಿರಿ.